'ಬಾ' ಬಾರದ ದಿನ

ಜನವರಿ 4, ಭಾನುವಾರ

ಕರೆ ಬಂತು! ಬರಲೇಬೇಕಿತ್ತು, ಬಂತು. ಫೆಬ್ರವರಿ ಕೊನೆಯ ಶನಿವಾರ, ಹಳೆ ಬಸ್ ಡಿಪೋ ಮೈದಾನದಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಬರೀ ರಾಕ್. ಆರು ತಂಡ. ಐದು ತಂಡದವರಿಗೆ ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ. ಆರನೆಯವರು ನಾವು, 'ಮನೆಹಾಳರು'. ಕೊನೆಯಲ್ಲಿ ನಾವೇ ಹಾಡಬೇಕಂತೆ. ಫೋನ್ ಮಾಡಿದ ಹುಡುಗಿ "ಆಂಟಿ" ಅಂದಳು, ನಾಲಿಗೆ ಕಚ್ಚಿಕೊಂಡು "ಮೇಡಂ" ಅಂದಳು. "ಎರಡೂ ಬೇಡ ತಾಯಿ, ಊಟದ ವ್ಯವಸ್ಥೆ ಇದೆಯೋ ಅದು ಹೇಳು" ಅಂದೆ.

ತಂಡದ ಪರಿಚಯ ಬೇಕಂತೆ. ನಿಂತಲ್ಲೇ ಹೇಳಿ ಬರೆಸಿದೆ. ಹಾಡುವವಳು ನಾನು, ವಯಸ್ಸು ಐವತ್ತೆರಡು, ಹೊಟ್ಟೆಪಾಡಿಗೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಗಿಟಾರ್ ನನ್ನ ಓರಗಿತ್ತಿ. ಡ್ರಮ್ಸ್ ಅವಳ ಗಂಡ, ಅಂದರೆ ನನ್ನ ಮೈದುನ. ದಪ್ಪ ತಂತಿಯ ಬೇಸ್ ಗಿಟಾರ್ ನಮ್ಮ ಹಲ್ಲಿನ ಡಾಕ್ಟ್ರು. ನಮ್ಮನೆಯವರು ವ್ಯಾನ್ ಓಡಿಸುತ್ತಾರೆ, ವೈರು ಸುತ್ತುತ್ತಾರೆ, ಯಾರು ಎಷ್ಟು ಚೆನ್ನಾಗಿ ನುಡಿಸಿದರೂ "ಪರವಾಗಿಲ್ಲ" ಅನ್ನುತ್ತಾರೆ. ಹೆಸರಿಟ್ಟವರು ಅತ್ತೆ. ಇಪ್ಪತ್ತೈದು ವರ್ಷದ ಹಿಂದೆ ಗ್ಯಾರೇಜಿನ ಬಾಗಿಲಲ್ಲಿ ನಿಂತು "ಮನೆಹಾಳರಾ!" ಅಂತ ಬೈದರು. ನಾವು ಅದನ್ನೇ ಡ್ರಮ್ಮಿನ ಮೇಲೆ ಬರೆಸಿಕೊಂಡೆವು. ಈಗ ಅತ್ತೆ ಬಂದವರಿಗೆಲ್ಲ "ಹೆಸರು ನಂದೇ" ಅಂತ ಹೇಳಿಕೊಂಡು ತಿರುಗುತ್ತಾರೆ.

ಕೊನೆಯ ಹಾಡು 'ಲಿಫ್ಟ್ ಕೆಟ್ಟಿದೆ'. ಅದಿಲ್ಲದೆ ಜನ ನಮ್ಮನ್ನು ಇಳಿಯಲು ಬಿಡುವುದಿಲ್ಲ. ಏಳನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದಾಗ ಲಿಫ್ಟ್ ಕೆಟ್ಟು ಕೂತಿತ್ತು. ನಾವಿಬ್ಬರು ಓರಗಿತ್ತಿಯರು ತರಕಾರಿ ಚೀಲ ಹೊತ್ತುಕೊಂಡು ಮೆಟ್ಟಿಲ ಮೇಲೆ ಕೂತು, ಏದುಸಿರು ಬಿಡುತ್ತಾ ಕಟ್ಟಿದ ಹಾಡು ಅದು. 'ಮೆಟ್ಟಿಲು ಹತ್ತಿ ಮೇಲೆ ಬಾ' ಅನ್ನುವುದು ಕೊನೆಯ ಸಾಲು. ಆ 'ಬಾ' ಇದೆಯಲ್ಲ, ಅದು ನನ್ನ ಆಸ್ತಿ. ಅವಳ ಗಿಟಾರ್ ಒಂದೇ ಸ್ವರ ಹಿಡಿದು ಎಳೆಯುತ್ತಾ ಹೋಗುತ್ತದೆ, ಅದರ ನೆತ್ತಿ ಮೇಲೆ ನಾನು ಹತ್ತಿ ನಿಲ್ಲುತ್ತೇನೆ.

ಐವತ್ತನೇ ಹುಟ್ಟುಹಬ್ಬದ ದಿನ ಬಾಯಲ್ಲಿ ಕೇಕ್ ಇಟ್ಟುಕೊಂಡೇ ಎಲ್ಲರೆದುರು ಸಾರಿದ್ದೇನೆ. 'ಬಾ' ಬಾರದ ದಿನ ಮೈಕ್ ಕೆಳಗಿಟ್ಟು ಮನೆಗೆ ಹೋಗುತ್ತೇನೆ. ಕೈಲಾಗದವರು ವೇದಿಕೆ ಹತ್ತಬಾರದು, ಅದು ನಾನಾದರೂ ಸರಿ, ಇನ್ಯಾರಾದರೂ ಸರಿ. ಆಡಿದ ಮಾತು ಆಡಿದ್ದೇ.

ಇವತ್ತಿನ ಅಭ್ಯಾಸದಲ್ಲಿ 'ಬಾ' ಒಡೆಯಿತು. ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರೆಂದಿತು. ಎಲ್ಲರೂ ಅವರವರ ಚಪ್ಪಲಿ ನೋಡಿಕೊಂಡರು. ಶೀತ ಇರಬೇಕು. ಹೊರಡುವಾಗ ಓರಗಿತ್ತಿ ನೀರಿನ ಬಾಟಲಿ ಚಾಚಿ, "ಅಕ್ಕ, ಇದರ ಮುಚ್ಚಳ ಸ್ವಲ್ಪ ತೆಗೆದುಕೊಡು" ಅಂದಳು. ಒಂದೇ ತಿರುವಿಗೆ ತೆಗೆದುಕೊಟ್ಟೆ. ಕೈಯಲ್ಲಿ ಇಷ್ಟು ಬಲ ಇರುವವಳ ಗಂಟಲಿಗೆ ಏನು ಬಂದಿದೆ ಧಾಡಿ?

ಜನವರಿ 7, ಬುಧವಾರ

ಗಂಟಲಿನ ಉಪಚಾರ ಶುರು ಮಾಡಿದ್ದೇನೆ. ಉಪ್ಪು ಹಾಕಿದ ಬಿಸಿನೀರಲ್ಲಿ ಮೂರು ಹೊತ್ತು ಬಾಯಿ ಗಳಗಳ. ಬೆಳಿಗ್ಗೆ ಹತ್ತು ಗಂಟೆವರೆಗೆ ಮೌನ. ನಮ್ಮನೆಯವರು ಮೊದಲ ದಿನ ಗಾಬರಿಯಾದರು, ಎರಡನೇ ದಿನ ಪೇಪರ್ ಪೂರ್ತಿ ಓದಿ ಮುಗಿಸಿದರು, ಇವತ್ತು "ಇದನ್ನ ಸಂಜೆಗೂ ಮುಂದುವರಿಸಬಹುದಾ?" ಅಂತ ಕೇಳಿದರು. ಹತ್ತು ಗಂಟೆ ಆಗಿರಲಿಲ್ಲ, ಬಚಾವಾದರು.

ಲಾಂಡ್ರಿಯಲ್ಲಿ ಆನೆ ಚೆನ್ನಾಗಿ ತಿರುಗುತ್ತಿದೆ. ಬೆಡ್‌ಶೀಟ್ ಒಣಗಿಸುವ ದೊಡ್ಡ ಯಂತ್ರಕ್ಕೆ ನಮ್ಮ ಹುಡುಗಿಯರು ಇಟ್ಟ ಹೆಸರು 'ಆನೆ'. ತಿರುಗಲು ಶುರುವಾದರೆ ಒಂದೇ ಸ್ವರದಲ್ಲಿ ಹೂಂ ಅಂತ ಕೂತುಬಿಡುತ್ತದೆ. ಅದು ನನ್ನ 'ಬಾ'ದ ಸ್ವರವೇ, ಕೆಳಗಿನ ಸ್ಥಾಯಿಯದು ಅಷ್ಟೆ. ಕೆಲಸಕ್ಕೆ ಸೇರಿದ ವಾರವೇ ಕಂಡುಹಿಡಿದಿದ್ದೆ. ಅವತ್ತಿನಿಂದ ಅದರ ಪಕ್ಕ ನಿಂತು ಗಂಟಲು ಕೂಡಿಸಿಕೊಳ್ಳುವುದು ಅಭ್ಯಾಸ. ಇವತ್ತೂ ಹೋದೆ. ಹತ್ತಿರ ಹೋಗಿ ಬಂದೆ, ಮುಟ್ಟಲಿಲ್ಲ. ಉಪಚಾರಕ್ಕೆ ಇನ್ನೂ ಮೂರೇ ದಿನ ಆಗಿರುವುದು, ಆಗುತ್ತದೆ.

ಜನವರಿ 18, ಭಾನುವಾರ

ಬಂತು! ಬಂತು! ಬಂತು!

ಸದ್ದು ಹೊರಗೆ ಹೋಗದಿರಲಿ ಅಂತ ಗ್ಯಾರೇಜಿನ ಗೋಡೆಗೆ ಹೊಡೆದ ಹಳೆ ಹಾಸಿಗೆಗಳಿಂದ ಧೂಳು ಉದುರಿತು. 'ಬಾ' ಅಂದೆ ನೋಡಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಎಷ್ಟು ಹೊತ್ತು ಬೇಕಾದರೂ ನಿಲ್ಲಿಸಬಹುದಿತ್ತು, ಮೈದುನನ ಕೈ ಸೋತಿತು ಅಂತ ನಾನೇ ಬಿಟ್ಟೆ. ಆಮೇಲೆ ಗ್ಯಾರೇಜಿನಲ್ಲಿ ಒಂದು ಸುತ್ತು ಕುಣಿದೆ, ಡಾಕ್ಟ್ರನ್ನೂ ಎಳೆದುಕೊಂಡು ಕುಣಿದೆ. ಪಾಪ, ಅವರು ಕಟ್ಟಿಗೆ ತರಹ ನಿಂತಿದ್ದರು. ಇವತ್ತು ಯಾಕೋ ನನ್ನ ಕಣ್ಣು ತಪ್ಪಿಸಿಯೇ ನುಡಿಸುತ್ತಿದ್ದರು. ಹೊಟ್ಟೆಕಿಚ್ಚು ಇರಬೇಕು. ಈ ವಯಸ್ಸಲ್ಲಿ ಇಂಥ ಗಂಟಲು ಯಾರಿಗಿದೆ?

ಓರಗಿತ್ತಿ ತಾನೊಬ್ಬಳೇ ನುಡಿಸುವ ಸೋಲೊ ಅರ್ಧಕ್ಕೆ ಇಳಿಸಿದ್ದಾಳೆ. ಯಾಕೆ ಅಂತ ಕೇಳಿದ್ದಕ್ಕೆ "ಜನಕ್ಕೆ ನಿನ್ನ ಧ್ವನಿ ಬೇಕಕ್ಕ, ನನ್ನ ಕುಯ್ಯೋ ಮರ್ರೋ ಯಾಕೆ" ಅಂದಳು. ನಿಜವೇ. ತಡವಾಗಿಯಾದರೂ ಅರ್ಥ ಮಾಡಿಕೊಂಡಳು.

ಅತ್ತೆ ಮಾತ್ರ ಊಟಕ್ಕೆ ಕೂತಾಗ, "ಏನೇ, ಇವತ್ತು ನಿಮ್ಮ ಗಲಾಟೆ ಒಂದು ಮೆಟ್ಟಿಲು ಕೆಳಗಿಳಿದ ಹಾಗಿತ್ತು" ಅಂದರು.

"ನಿಮ್ಮ ಕಿವಿಗೆ ವಯಸ್ಸಾಯ್ತು ಅತ್ತೆ."

"ಕಿವಿಗೆ ವಯಸ್ಸಾದ್ರೆ ಕೇಳಲ್ಲ ಕಣೇ. ಕಡಿಮೆ ಕೇಳುತ್ತೆ, ಕೆಳಗೆ ಕೇಳಲ್ಲ."

ಎಂಬತ್ತರ ಮೇಲಾದರೂ ಬಾಯಿಗೆ ಮಾತ್ರ ಏನೂ ಆಗಿಲ್ಲ.

ಜನವರಿ 20, ಮಂಗಳವಾರ

ಒಂದು ವಿಚಿತ್ರ ನಡೆದಿದೆ. ಆನೆ ಕೆಟ್ಟಿದೆ.

ನಿನ್ನೆ ಖುಷಿಯಲ್ಲಿ ಅದರ ಪಕ್ಕ ನಿಂತು 'ಬಾ' ಅಂದೆ. ಕೂಡಲಿಲ್ಲ. ಇವತ್ತು ಮತ್ತೆ ಅಂದೆ. ಭಾನುವಾರ ಗ್ಯಾರೇಜಿನಲ್ಲಿ ಹೇಗೆ ಅಂದಿದ್ದೆನೋ ಹಾಗೇ, ಅದೇ ಜಾಗದಲ್ಲಿ, ಅಷ್ಟೇ ಸಲೀಸಾಗಿ. ಆನೆಯ ಹೂಂ ನನ್ನ ಸ್ವರಕ್ಕೆ ಕೂಡದೆ ಒಂದು ಮೆಟ್ಟಿಲು ಏರಿ ಕೂತಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಇಷ್ಟು ವರ್ಷ ನಿಯತ್ತಾಗಿದ್ದ ಯಂತ್ರ ಏಕಾಏಕಿ ಸ್ವರ ಏರಿಸಿಕೊಂಡಿದೆ! ನಾಳೆ ಮೆಕ್ಯಾನಿಕ್‌ಗೆ ಹೇಳಬೇಕು.

ಜನವರಿ 29, ಗುರುವಾರ

ಮೆಕ್ಯಾನಿಕ್ ಕೊನೆಗೂ ಬಂದ. ಬಾಯಲ್ಲಿ ಚೂಯಿಂಗ್ ಗಮ್, ಕಿವಿಯಲ್ಲಿ ಪೆನ್ಸಿಲ್.

"ಬಿಸಿ ಬರ್ತಿಲ್ವಾ ಮೇಡಂ?"

"ಬರ್ತಿದೆ."

"ತಿರುಗ್ತಿಲ್ವಾ?"

"ತಿರುಗ್ತಿದೆ."

"ಮತ್ತೇನು ಪ್ರಾಬ್ಲಂ?"

"ಸ್ವರ ಹೋಗಿದೆ."

ನಮ್ಮ ಹುಡುಗಿಯರು ಬೆಡ್‌ಶೀಟ್ ಬಾಯಿಗಿಟ್ಟುಕೊಂಡು ನಕ್ಕರು. ಅವನು ನನ್ನನ್ನು ಒಂದು ಸಲ, ಆನೆಯನ್ನು ಒಂದು ಸಲ ನೋಡಿದ. ಪಾಪ, ನನ್ನ ಹಟಕ್ಕೆ ಬೆಲ್ಟ್ ಬದಲಾಯಿಸಿದ, ಎಣ್ಣೆ ಬಿಟ್ಟ. ಮತ್ತೆ ಚಾಲೂ ಮಾಡಿದರೆ ಅದೇ ಹೂಂ. ಎರಡು ಸಲ ಕಿವಿಗೊಟ್ಟು, "ಮೇಡಂ, ವಯಸ್ಸಾದ್ರೆ ಮೋಟರಿನ ಸ್ವರ ಇಳಿಯೋದು ನೋಡಿದ್ದೀನಿ, ಏರೋದು ನಾನಂತೂ ಎಲ್ಲೂ ನೋಡಿಲ್ಲ" ಅಂದ. ಅವನಿಗೇನು ಗೊತ್ತು, ಹಾರ್ನಿಗೂ ಹಾಡಿಗೂ ವ್ಯತ್ಯಾಸ ಗೊತ್ತಿರೋ ಮುಖವೇ ಅದು?

ಆನೆಯ ಹೂಂಕಾರವನ್ನು ಫೋನಿನಲ್ಲಿ ಹಿಡಿದುಕೊಂಡಿದ್ದೇನೆ. ಭಾನುವಾರ ನಮ್ಮವರಿಗೆ ಕೇಳಿಸುತ್ತೇನೆ. ಗಿಟಾರಿನ ಸ್ವರದ ಪಕ್ಕ ಇಟ್ಟರೆ ಯಾರದು ಸರಿ ಅಂತ ಗೊತ್ತಾಗುತ್ತದೆ. ಹಾಲಿಗೆ ಹಾಲು, ನೀರಿಗೆ ನೀರು.

ಫೆಬ್ರವರಿ 1, ಭಾನುವಾರ

ಬರೆಯುವುದೋ ಬೇಡವೋ ಅಂತ ಇದ್ದೆ. ಬರೆಯುತ್ತೇನೆ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಅಭ್ಯಾಸಕ್ಕೆ ಮೊದಲು ಎಲ್ಲರನ್ನೂ ಕೂರಿಸಿದೆ. ಆನೆಯ ಕತೆ, ಮೆಕ್ಯಾನಿಕ್ ಕತೆ ಹೇಳಿದೆ. ನಮ್ಮನೆಯವರು ಒಬ್ಬರೇ ನಕ್ಕರು. ಉಳಿದವರು ಮಿಕಮಿಕ ನೋಡುತ್ತಿದ್ದರು. ಫೋನನ್ನು ಸ್ಪೀಕರಿಗೆ ಸಿಕ್ಕಿಸಿ ಆನೆಯನ್ನು ಬಿಟ್ಟೆ. ಗ್ಯಾರೇಜ್ ತುಂಬಾ ಹೂಂ.

"ಈಗ ನೀನು 'ಬಾ' ಸ್ವರ ಕೊಡು" ಅಂದೆ ಓರಗಿತ್ತಿಗೆ.

ಅವಳು ಗಿಟಾರ್ ಮುಟ್ಟಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡಾಕ್ಟ್ರು ತಮ್ಮ ಬೇಸ್ ಗಿಟಾರನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದರು. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. "ಕೊಡೇ" ಅಂತ ನಾನೇ ಅವಳ ಗಿಟಾರಿಗೆ ಬೆರಳಿಟ್ಟು ಮೀಟಿದೆ.

ತಂತಿಯ ಸ್ವರ ಕೆಳಗಿಳಿದಿತ್ತು. ಆನೆ ಇದ್ದ ಕಡೆಯೇ ಇತ್ತು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. "ನಾನು ಅವತ್ತೇ ಹೇಳಲಿಲ್ವಾ?" ಅಂದರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಯಂತ್ರ ಡೊಂಕು ಅನ್ನೋಳನ್ನ ಇವತ್ತು ನೋಡಿದೆ."

ಯಾವಾಗ ಇಳಿಸಿದಿರಿ ಅಂತ ಕೇಳಿದೆ. ಮೈದುನ "ಅತ್ತಿಗೆ, ಅದೂ..." ಅಂತ ರಾಗ ಎಳೆದ. ಡಾಕ್ಟ್ರು "ಹೋದ ತಿಂಗಳು, ಹದಿನೆಂಟಕ್ಕೆ" ಅಂತ ಒಪ್ಪಿಕೊಂಡರು. ಹದಿನೆಂಟು! ನಾನು ಕುಣಿದ ದಿನ. ನನ್ನ ಕಿವಿ ಮೇಲೆ ಹೂವಿಟ್ಟು, ನಾನು ಕುಣಿಯುವುದನ್ನು ನೋಡುತ್ತಾ ನಿಂತಿದ್ದರು ಇವರೆಲ್ಲ. ಮಗುವಿಗೆ ಆಟದಲ್ಲಿ ಬೇಕಂತಲೇ ಸೋತುಕೊಡುತ್ತಾರಲ್ಲ, ಹಾಗೆ.

"ಕನಿಕರ ತೋರಿಸಿದ್ರಾ ನನಗೆ?" ಅಂದೆ. ಓರಗಿತ್ತಿ ಏನೋ ಹೇಳಲು ಬಾಯಿ ತೆರೆದಳು. "ಮಾತಾಡಬೇಡ" ಅಂದೆ. ಗಿಟಾರನ್ನು ಎದೆಗೊತ್ತಿಕೊಂಡು ಗೋಡೆ ನೋಡಿದಳು.

ಮೈಕನ್ನು ನೆಲದ ಮೇಲಿಟ್ಟೆ. ಮೆತ್ತಗೇ ಇಟ್ಟೆ, ಎಸೆಯಲಿಲ್ಲ. ಆಡಿದ ಮಾತು ಆಡಿದ್ದೇ.

ಫೆಬ್ರವರಿ 2, ಸೋಮವಾರ

ಕೆಲಸ. ಆನೆಯ ಕಡೆ ಹೋಗಲಿಲ್ಲ.

ಫೆಬ್ರವರಿ 5, ಗುರುವಾರ

ಮೌನ ಈಗ ದಿನಪೂರ್ತಿ. "ಸಂಜೆಗೂ ಮುಂದುವರಿಸು ಅಂದಿದ್ದು ತಮಾಷೆಗೆ ಕಣೇ" ಅಂದರು ನಮ್ಮನೆಯವರು.

ಫೆಬ್ರವರಿ 8, ಭಾನುವಾರ

ಗ್ಯಾರೇಜಿಗೆ ಬೀಗ. ಮನೆಯಲ್ಲಿ ಎಷ್ಟು ಸದ್ದಿಲ್ಲ ಅಂದರೆ ಗಡಿಯಾರದ ಟಿಕ್ ಟಿಕ್ ತಲೆ ತಿಂತು. ಮಧ್ಯಾಹ್ನ ಅತ್ತೆ ಬಂದು ಪಕ್ಕದಲ್ಲಿ ಕೂತರು. ಬೈಯಲು ಬಂದಿದ್ದಾರೆ ಅಂದುಕೊಂಡೆ. "ಭಾನುವಾರ ಭಾನುವಾರದ ಹಾಗಿಲ್ಲ" ಅಂದರು, ಎದ್ದು ಹೋದರು.

ಆ ಹುಡುಗಿಗೆ ಫೋನ್ ಮಾಡಿ ಬರುವುದಿಲ್ಲ ಅಂತ ಹೇಳಬೇಕು. ನಂಬರ್ ಒತ್ತಿದೆ, ಕಟ್ ಮಾಡಿದೆ. ನಾಳೆ ಮಾಡುತ್ತೇನೆ. ಅವಳು ಪೋಸ್ಟರ್ ಕಳಿಸಿದ್ದಾಳೆ. ಎಲ್ಲರಿಗಿಂತ ದೊಡ್ಡ ಅಕ್ಷರ ನಮ್ಮದೇ. ನಮ್ಮ ಹೆಸರು ಅಷ್ಟು ದೊಡ್ಡದಾಗಿ ಎಲ್ಲೂ ಬಂದಿರಲಿಲ್ಲ. ರಾಕ್ ಬಿಟ್ಟು ನನಗೆ ಬೇರೆ ಏನು ಬರುತ್ತದೆ? ಬೆಡ್‌ಶೀಟ್ ಎಣಿಸಲು ಬರುತ್ತದೆ.

ಫೆಬ್ರವರಿ 13, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಲಾಂಡ್ರಿಯಲ್ಲಿ ಅರ್ಧ ಜನಕ್ಕೆ ಜ್ವರ. ಒಣಗಿದ ಬೆಡ್‌ಶೀಟ್ ಬೆಟ್ಟದಷ್ಟು ಬಿದ್ದಿತ್ತು, ವಾರ್ಡಿನವರು ಮೇಲಿಂದ ಮೇಲೆ ಫೋನ್. ಮಡಿಸಲು ಇಬ್ಬರು ಬೇಕು. ಒಬ್ಬರೇ ಮಡಿಸಿದರೆ ಅದು ಬೆಡ್‌ಶೀಟ್ ಆಗಿರುವುದಿಲ್ಲ, ಮೂಟೆ ಆಗಿರುತ್ತದೆ. ಅಷ್ಟರಲ್ಲಿ ಬಾಗಿಲಲ್ಲಿ ಓರಗಿತ್ತಿ. ಕೈಯಲ್ಲಿ ಊಟದ ಡಬ್ಬಿ.

"ಅಕ್ಕ, ಮಾತಾಡಬೇಕು."

"ನನಗೆ ಪುರುಸೊತ್ತಿಲ್ಲ."

"ನಾನೂ ಮಡಿಸ್ತೀನಿ."

"ಮಾತಿಲ್ಲದೆ ಮಡಿಸೋದಾದ್ರೆ ಆ ಕಡೆ ಮೂಲೆ ಹಿಡಿ."

ಹಿಡಿದಳು. ನಾನು ಎಳೆದೆ, ಅವಳ ಕೈಯಿಂದ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ನನಗೆ ಕೋಪ. "ಏನು, ಬೆಡ್‌ಶೀಟ್ ಹಿಡಿಯೋಕೂ ಬರಲ್ವಾ?" ಅಂದೆ. ಮೂರನೇ ಸಲ ಅವಳು ಬೆರಳಿನಲ್ಲಿ ಹಿಡಿಯಲಿಲ್ಲ. ಮೂಲೆಯನ್ನು ಎರಡು ಅಂಗೈ ನಡುವೆ ಅದುಮಿಕೊಂಡು ನಿಂತಳು, ಚಿಕ್ಕ ಮಕ್ಕಳು ಲೋಟ ಹಿಡಿಯುವ ಹಾಗೆ.

"ಕೈ ತೋರಿಸು."

"ಏನಿಲ್ಲಕ್ಕ."

"ತೋರಿಸೇ."

ಬೆರಳಿನ ಗೆಣ್ಣೆಲ್ಲ ಶುಂಠಿಯ ಹಾಗೆ ಉಬ್ಬಿದೆ. ಕಿರುಬೆರಳು ಮಡಚುವುದೇ ಇಲ್ಲ. ಪ್ರತಿ ಭಾನುವಾರ ನನ್ನಿಂದ ಎರಡು ಮಾರು ದೂರದಲ್ಲಿ ನಿಂತು ಇದೇ ಕೈಯಲ್ಲಿ ನುಡಿಸಿದ್ದಾಳೆ. ನಾನು ಮುಂದಕ್ಕೆ ಮುಖ ಮಾಡಿಕೊಂಡು ಹಾಡುತ್ತಿದ್ದೆ.

"ಎಷ್ಟು ದಿನದಿಂದ?"

"ಹೋದ ವರ್ಷದ ಚಳಿಯಿಂದ. ಬೆಳಿಗ್ಗೆ ಪೇಸ್ಟ್ ಒತ್ತೋಕೂ ಇವರನ್ನೇ ಕರೀಬೇಕು. ತಂತಿ ಒತ್ತಿದ್ರೆ ಜೀವ ಬಾಯಿಗೆ ಬರುತ್ತೆ. ಸಡಿಲ ಮಾಡಿದ್ರೆ ಹೇಗೋ ತಡ್ಕೋಬಹುದು. ಅದಕ್ಕೇ ಇಳಿಸಿದ್ದು. ಡಾಕ್ಟ್ರಿಗೂ ಹೇಳಿದೆ, ಅವರೂ ಇಳಿಸಿದ್ರು. ಅವತ್ತು ಅಭ್ಯಾಸ ಮುಗಿದ ಮೇಲೆ ನಿನಗೆ ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀನು 'ಬಂತು ಬಂತು' ಅಂತ ಗ್ಯಾರೇಜೆಲ್ಲ ಕುಣಿದುಬಿಟ್ಟೆ. ಯಾವ ಬಾಯಲ್ಲಿ ಹೇಳಲಿ?"

"ಹಾಗಾದ್ರೆ ನನ್ನ ಗಂಟಲಿಗೋಸ್ಕರ ಅಲ್ವಾ?"

"ನಿನ್ನ ಗಂಟಲಿನ ಯೋಚನೆ ಯಾರಿಗಿತ್ತಕ್ಕ! ನನ್ನ ಬೆರಳಿಂದೇ ನನಗೆ ಹಾಸಿ ಹೊದೆಯೋಷ್ಟಿತ್ತು."

ನನಗೆ ನಗು ಬಂತು. ಹನ್ನೆರಡು ದಿನದಿಂದ ಕನಿಕರ ಕನಿಕರ ಅಂತ ಕುದಿಯುತ್ತಾ ಕೂತಿದ್ದೆ. ಅದು ನನಗೆ ಸೇರಿದ್ದೇ ಅಲ್ಲ, ಬೇರೆಯವರ ವಿಳಾಸದ ಪಾರ್ಸಲ್ಲು. ನಗುತ್ತಾ, "ಮೂದೇವಿ, ವರ್ಷದಿಂದ ನನಗ್ಯಾಕೆ ಹೇಳಲಿಲ್ಲ?" ಅಂದೆ.

ಅವಳು ನಗಲಿಲ್ಲ.

"ಕೈಲಾಗದವರು ವೇದಿಕೆ ಹತ್ತಬಾರದು ಅಂತ ಹೇಳಿದ್ದು ಯಾರಕ್ಕ? ನೀನು ಗಂಟಲಿನ ಮಾತಾಡಿದೆ. ಕೈ ಆಗದೋಳು ನಾನಲ್ವಾ?"

ಆನೆ ಹಿಂದೆ ಹೂಂಗುಡುತ್ತಿತ್ತು. ಅವತ್ತು ಕೇಕ್ ಕತ್ತರಿಸುವಾಗ ತಟ್ಟೆ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು ಇವಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಿದ್ದಳು. ಈಗ ಕಣ್ಣು ತುಂಬಿಕೊಂಡು ಬೆಡ್‌ಶೀಟಿನ ಮೂಲೆ ಅದುಮಿಕೊಂಡು ನಿಂತಿದ್ದಾಳೆ, ತಂಡದಿಂದ ತೆಗೆದುಹಾಕುತ್ತಾರೇನೋ ಅಂತ. ಯಾರು ತೆಗೆಯುವುದು? ನಾನು.

"ಆ ಮಾತು ಕೇಕಿನ ಜೊತೆ ನುಂಗಿಬಿಟ್ಟೆ, ಅವತ್ತೇ" ಅಂದೆ. "ಇನ್ನೂ ಒಂದು ಮೆಟ್ಟಿಲು ಇಳಿಸು. ನೋವಾಗದಷ್ಟು ಇಳಿಸು. ನನ್ನ ಗಂಟಲಿಗೇನು ಗೆಣ್ಣಿದೆಯಾ? ನೀನು ಎಲ್ಲಿಗೆ ಕರೀತೀಯೋ ಅಲ್ಲಿಗೆ ಬರುತ್ತೆ."

ಆಮೇಲೆ ಡಬ್ಬಿ ಬಿಚ್ಚಿ ಇಬ್ಬರೂ ಉಂಡೆವು. ಡಬ್ಬಿಯ ಮುಚ್ಚಳ ನಾನೇ ತೆಗೆದೆ.

ಫೆಬ್ರವರಿ 15, ಭಾನುವಾರ

ಗ್ಯಾರೇಜಿನ ಬೀಗ ತೆಗೆದೆ. ಮೈಕ್ ಇಟ್ಟ ಕಡೆಯೇ ನೆಲದ ಮೇಲೆ ಬಿದ್ದಿತ್ತು, ಯಾರೂ ಮುಟ್ಟಿರಲಿಲ್ಲ. ಎತ್ತಿಕೊಂಡೆ. ಮೈದುನ, "ಅತ್ತಿಗೆ, ಆಡಿದ ಮಾತು?" ಅಂತ ಕಿಚಾಯಿಸಿದ. "ಮೈಕ್ ಕೆಳಗಿಡ್ತೀನಿ ಅಂದಿದ್ದೆ, ಎರಡು ವಾರ ಇಟ್ಟೆ. ಮತ್ತೆ ಎತ್ತಲ್ಲ ಅಂತ ಎಲ್ಲಾದರೂ ಹೇಳಿದ್ನಾ?" ಅಂದೆ. ಡಾಕ್ಟ್ರು, "ನೀವು ವಕೀಲರಾಗಬೇಕಿತ್ತು" ಅಂದರು. ಇವರ ಬೇಸ್ ಗಿಟಾರ್ ಬೆನ್ನ ಹಿಂದೆ ಹೋದ ಕತೆಯನ್ನು ಇನ್ನು ಹತ್ತು ವರ್ಷ ಹೇಳುತ್ತೇನೆ.

ಒಪ್ಪಲೇಬೇಕಾದ ಇನ್ನೊಂದು ವಿಷಯ. ಓರಗಿತ್ತಿಯ ಬೆರಳಿಗೆ ಅಂತ ಇಳಿಸಿದ್ದೇ ಹೌದು, ಆದರೆ ಜನವರಿ ನಾಲ್ಕಕ್ಕೆ ಒಡೆದದ್ದು ನನ್ನ ಗಂಟಲೇ. ವಯಸ್ಸಾದರೆ ಸ್ವರ ಇಳಿಯುತ್ತದೆ ಅಂತ ಮೆಕ್ಯಾನಿಕ್ ಹೇಳಿದ್ದು ಸರಿ. ಅವನಿಗೆ ಇದನ್ನು ಹೇಳುವ ಅಗತ್ಯವೇನಿಲ್ಲ.

ಫೆಬ್ರವರಿ 22, ಭಾನುವಾರ

ಇಳಿಸಿದ ಮೇಲೆ ಹಾಡು ಕುಗ್ಗುತ್ತದೆ ಅಂದುಕೊಂಡಿದ್ದೆ. ಕುಗ್ಗುವುದೇ! ಗೋಡೆ ಅದುರುತ್ತಿದೆ. 'ಲಿಫ್ಟ್ ಕೆಟ್ಟಿದೆ' ಇಷ್ಟು ವರ್ಷ ಮೆಟ್ಟಿಲು ಹತ್ತುವ ಹುಡುಗಿಯರ ಹಾಡಾಗಿತ್ತು. ಈಗ ಲಿಫ್ಟೇ ಗುಡುಗುವ ಹಾಗೆ ಕೇಳುತ್ತದೆ. ಡಾಕ್ಟ್ರಿಗೆ ಖುಷಿಯೋ ಖುಷಿ, "ಈಗ ಇದು ರಾಕ್!" ಅಂತ ತಲೆ ಆಡಿಸಿ ಕನ್ನಡಕ ಬೀಳಿಸಿಕೊಂಡರು. ಅತ್ತೆ, "ಕಿವಿಯಲ್ಲಿ ಕೇಳ್ತಿಲ್ಲ ಕಣೇ, ಹೊಟ್ಟೆಯಲ್ಲಿ ಕೇಳ್ತಿದೆ" ಅಂದರು. ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಅಭ್ಯಾಸಕ್ಕೆ ಮೊದಲು ಬಿಸಿನೀರಿನ ಚೀಲ ತುಂಬಿ ಅವಳ ಕೈಗೆ ಕಟ್ಟುವುದು, ಗಿಟಾರ್ ಹೊತ್ತು ತರುವುದು, ಬಾಟಲಿ ಮುಚ್ಚಳ ಸಡಿಲಿಸಿ ಇಡುವುದು ಇವೆಲ್ಲ ಈಗ ನನ್ನ ಕೆಲಸ. ಅವಳ ಸೋಲೊ ಪೂರ್ತಿ ವಾಪಸ್ ಹಾಕಿಸಿದೆ. ನನಗೂ ಉಸಿರು ತೆಗೆದುಕೊಳ್ಳಲು ಟೈಮ್ ಬೇಕಲ್ಲ.

ಮೈಕಿನ ಮುಂದೆ ಮುಖ ಮಾಡಿ ನಿಂತರೆ ಅವಳು ಕಾಣುವುದಿಲ್ಲ. ಸ್ಟ್ಯಾಂಡನ್ನು ಸ್ವಲ್ಪ ಓರೆ ಇಟ್ಟುಕೊಂಡಿದ್ದೇನೆ. ಬೆಳಕು ಕಣ್ಣಿಗೆ ಹೊಡೆಯುತ್ತದೆ, ಅದಕ್ಕೆ.

ಮಾರ್ಚ್ 1, ಭಾನುವಾರ

ನಿನ್ನೆ! ಎಲ್ಲಿಂದ ಶುರು ಮಾಡಲಿ?

ನಮ್ಮ ಸರದಿ ಬರುವಾಗ ಸೂರ್ಯ ಡಿಪೋ ಶೆಡ್ಡಿನ ಹಿಂದೆ ಇಳಿಯುತ್ತಿದ್ದ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು ಅತ್ತೆ. "ಹೆಸರು ನಂದೇ" ಅಂತ ಅಕ್ಕಪಕ್ಕದವರಿಗೆ ಹೇಳುತ್ತಿರುವುದು ವೇದಿಕೆ ಮೇಲಿಂದಲೇ ಗೊತ್ತಾಗುತ್ತಿತ್ತು. ಮೊದಲ ಹಾಡಿಗೆ ಮಕ್ಕಳು ಮೊಬೈಲ್ ನೋಡುತ್ತಿದ್ದರು. ಎರಡನೆಯದಕ್ಕೆ ಎದ್ದರು. ನಾಲ್ಕನೆಯದಕ್ಕೆ ಧೂಳೆದ್ದಿತು. ನಾನು ಮೈದಾನವನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದೆ. ಸುಳ್ಳಲ್ಲ, ಯಾರನ್ನು ಬೇಕಾದರೂ ಕೇಳಲಿ.

ಕೊನೆಗೆ 'ಲಿಫ್ಟ್ ಕೆಟ್ಟಿದೆ'. ಅವಳು ಸೋಲೊ ಪೂರ್ತಿ ನುಡಿಸಿದಳು. ಹಲ್ಲು ಕಚ್ಚಿದ್ದಳು, ಆದರೆ ನುಡಿಸಿದಳು. ಆಮೇಲೆ ಅವಳ ಆ ಒಂದು ಸ್ವರ, ಹಿಡಿದು ಎಳೆಯುವುದು. ಹಿಡಿದಳು. ಎಳೆಯುತ್ತಾ ಬಂದಳು. ನಾನು ಉಸಿರು ತುಂಬಿಕೊಂಡೆ. ಗಿಟಾರ್ ನಿಂತುಹೋಯಿತು.

ಡ್ರಮ್ಸ್ ಇದೆ, ಡಾಕ್ಟ್ರ ದಪ್ಪ ತಂತಿ ಇದೆ, ಮಧ್ಯದಲ್ಲಿ ಅವಳ ಸ್ವರ ಇರಬೇಕಾದ ಕಡೆ ಏನೂ ಇಲ್ಲ. ಓರೆಯಾಗಿ ನಿಂತಿದ್ದೆನಲ್ಲ, ಮುಖ ಕಂಡಿತು. ಬೆರಳು ತಂತಿ ಮೇಲೇ ಇದೆ, ಒತ್ತುತ್ತಿದ್ದಾಳೆ, ಆಗುತ್ತಿಲ್ಲ. ತುಟಿ ಏನೋ ಅನ್ನುತ್ತಿದೆ. 'ಕೈಲಾಗದೋಳು' ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ನನ್ನದೇ ಮಾತು, ಅವಳ ಬಾಯಲ್ಲಿ.

ನಾನು 'ಬಾ' ಅಂದಿದ್ದರೆ ಬರುತ್ತಿತ್ತು. ಗಂಟಲು ಸಿದ್ಧವಾಗಿತ್ತು, ಜನ ಕಾಯುತ್ತಿದ್ದರು. ಒಬ್ಬಳೇ ಹಾಡಿ ಮುಗಿಸಬಹುದಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಮೈಕ್ ಸ್ಟ್ಯಾಂಡ್ ಎತ್ತಿಕೊಂಡು ಅವಳ ಹತ್ತಿರ ಹೋದೆ. ಅವಳು ನನಗಿಂತ ಒಂದು ತಲೆ ಗಿಡ್ಡ. ತಿರುಪು ಸಡಿಲಿಸಿ ಮೈಕನ್ನು ಕೆಳಗಿಳಿಸಿದೆ, ಅವಳ ಬಾಯಿಗೆ ಸರಿಯಾಗಿ.

"ಹಿಡಿ" ಅಂದೆ.

"ಏನನ್ನಕ್ಕ?"

"ನಿನ್ನ ಸ್ವರ. ಬಾಯಲ್ಲಿ ಹಿಡಿ."

"ನಾನು ಹಾಡೋಳಲ್ಲ..."

"ಮೆಟ್ಟಿಲ ಮೇಲೆ ಹಾಡಿದ್ಯಲ್ಲೇ ನನ್ನ ಜೊತೆ! ಹಿಡಿ!"

ಇದೆಲ್ಲ ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿಸಿದೆ ಅಂತ ಆಮೇಲೆ ಗೊತ್ತಾಯಿತು. ಅವಳು ಕಣ್ಣು ಮುಚ್ಚಿ ಹಿಡಿದಳು. ಸಣ್ಣ ಧ್ವನಿ, ನೇರ ಧ್ವನಿ, ತರಕಾರಿ ಚೀಲ ಹೊತ್ತ ದಿನಗಳ ಅದೇ ಧ್ವನಿ. ನಾನು ಮೊಣಕಾಲು ಬಗ್ಗಿಸಿ, ಸೊಂಟ ಬಗ್ಗಿಸಿ, ಅವಳ ಕೆನ್ನೆಗೆ ಕೆನ್ನೆ ತಾಗಿಸಿ ಅದೇ ಮೈಕಿಗೆ ಬಾಯಿಟ್ಟೆ. ನೆತ್ತಿ ಮೇಲೆ ಹತ್ತಲಿಲ್ಲ, ಪಕ್ಕದಲ್ಲಿ ನಿಂತೆ. 'ಬಾ' ಅಂದೆವು. ಎಷ್ಟು ಹೊತ್ತು ಅಂದೆವೋ ಗೊತ್ತಿಲ್ಲ. ಮೈದುನನ ಕೋಲು ಮುರಿಯಿತು. ಅತ್ತೆ ಕಿವಿಯ ಹತ್ತಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ವೈರು ಸುತ್ತುವಾಗ ನಮ್ಮನೆಯವರನ್ನು "ಪರವಾಗಿಲ್ವಾ?" ಅಂತ ಕೇಳಿದೆ. ತಲೆ ಬಗ್ಗಿಸಿ ಸುತ್ತುತ್ತಲೇ ಇದ್ದರು. ಇಡೀ ವೈರನ್ನು ಉಲ್ಟಾ ಸುತ್ತಿ ಇಟ್ಟಿದ್ದರು.

ವ್ಯಾನಿನಲ್ಲಿ ಓರಗಿತ್ತಿಗೆ ಹೇಳಿದೆ, "ನಿನಗೇ ಅಂತ ಇನ್ನೊಂದು ಮೈಕ್, ಇನ್ನೊಂದು ಸ್ಟ್ಯಾಂಡ್ ತರೋಣ. ಇನ್ನುಮೇಲೆ ನೀನೂ ಹಾಡೋದೇ."

"ಬೇಡಕ್ಕ, ಒಂದೇ ಸಾಕು" ಅಂದಳು. "ಇಪ್ಪತ್ತೈದು ವರ್ಷದಲ್ಲಿ ನೀನು ಬಗ್ಗಿದ್ದು ಯಾವತ್ತೂ ನೋಡಿಲ್ಲ, ಇವತ್ತೇ ಮೊದಲು. ಇನ್ನು ನಾಕು ಸಲ ನೋಡ್ಕೊಳ್ತೀನಿ."

ಡಾಕ್ಟ್ರು ಎಷ್ಟು ನಕ್ಕರು ಅಂದರೆ ವ್ಯಾನ್ ಓಡಿಸುತ್ತಿದ್ದವರು ಹಾರ್ನ್ ಹೊಡೆದು ಸುಮ್ಮನಿರಿಸಬೇಕಾಯಿತು. ಇಷ್ಟು ಬಾಯಿ ಇದೆ ಅಂತ ಗೊತ್ತಿದ್ದರೆ ಇವಳಿಗೆ ಮೊದಲೇ ಮೈಕ್ ಕೊಡುತ್ತಿದ್ದೆ.

ಇವತ್ತು ಸೊಂಟ ಹಿಡಿದುಕೊಂಡಿದೆ, ಏಳಲು ಆಗುತ್ತಿಲ್ಲ, ಮಂಚದ ಮೇಲೇ ಕೂತು ಬರೆಯುತ್ತಿದ್ದೇನೆ. ಬಿಸಿನೀರಿನ ಚೀಲ ಇಟ್ಟುಕೊಳ್ಳೋಣ ಅಂದರೆ ಮನೆಯಲ್ಲಿ ಇರುವುದು ಒಂದೇ. ಅದು ಅವಳ ಕೈಯಲ್ಲಿದೆ.